ಕೊಳೆಯ ಹಂಗು

ನಾನು ಕೋಲಾರದ ಕಡೆಯವನು. ಆರು ವರ್ಷಗಳಿಂದ ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಬಾಡಿಗೆಗಿದ್ದೇನೆ. ಹೋದ ಚಳಿಗಾಲದಲ್ಲಿ ಮನೆ ಮಾಲೀಕರ ತಾಯಿ, ನಾವೆಲ್ಲ ಮಾಶಿಮಾ ಎನ್ನುವವರು, ಸಾಸಿವೆ ಅರೆದು ಹಾಕಿದ ರೂಯಿ ಮೀನಿನ ಸಾರು ಕೊಟ್ಟರು. ತಿಂದು ಮುಗಿಸಿದ ಮೇಲೆ, ಮೀನು ಎಲ್ಲಿಯದು ಎಂದು ಕೇಳಿದೆ. "ಇಲ್ಲೇ ಭೇರಿಯದು, ಬಾಬಾ" ಎಂದರು. ಭೇರಿಗಳೆಂದರೆ ಊರಿನ ಪೂರ್ವಕ್ಕಿರುವ ಮೀನಿನ ಕೆರೆಗಳು. ಅವುಗಳಿಗೆ ಹರಿಯುವುದು ನಗರದ ಚರಂಡಿ ನೀರು. ಆ ರಾತ್ರಿ ಹೊಟ್ಟೆಗೇನೂ ಆಗಲಿಲ್ಲ, ಆದದ್ದು ಮನಸ್ಸಿಗೆ.

ಒಂದು ಭಾನುವಾರ ನೋಡಿಬರಲು ಹೋದೆ. ಕೋಲ್ಕತ್ತಾದ ಇಳಿಜಾರು ಹೂಗ್ಲಿಯ ಕಡೆಗಿಲ್ಲ, ಪೂರ್ವಕ್ಕಿದೆ. ಕಾಲುವೆಗಳಲ್ಲಿ ಬಂದ ಕೊಳಚೆಯನ್ನು ಆಳವಿಲ್ಲದ ಕೆರೆಗಳಲ್ಲಿ ನಿಲ್ಲಿಸುತ್ತಾರೆ. ಬಿಸಿಲಿಗೆ ಪಾಚಿ ಬೆಳೆದು ಆಮ್ಲಜನಕ ಬಿಡುತ್ತದೆ, ಬ್ಯಾಕ್ಟೀರಿಯಾ ಹೊಲಸನ್ನು ಕರಗಿಸುತ್ತವೆ, ಪಾಚಿಯನ್ನು ಮೀನು ತಿನ್ನುತ್ತದೆ. ದಡ ಕುಸಿಯದಂತೆ ಅಂಚಿಗೆ ಅಂತರಗಂಗೆ ಕಟ್ಟಿರುತ್ತಾರೆ. ಉಳಿದ ನೀರು ಭತ್ತದ ಗದ್ದೆಗೆ, ಆಮೇಲೆ ಕುಲ್ಟಿ ನದಿಗೆ, ಅಲ್ಲಿಂದ ಸುಂದರಬನದ ಅಳಿವೆಗಳ ದಾರಿಯಾಗಿ ಬಂಗಾಳ ಕೊಲ್ಲಿಗೆ. ಸುಮಾರು 12,500 ಹೆಕ್ಟೇರಿನ ಈ ಜೌಗು ಪ್ರದೇಶ 2002ರಲ್ಲಿ ರಾಮ್‌ಸರ್ ಪಟ್ಟಿ ಸೇರಿತು. ಇದರ ಬೆಲೆಯನ್ನು ಜಗತ್ತಿಗೆ ತಿಳಿಸಿದವರಲ್ಲಿ ಮುಖ್ಯರು ಧ್ರುಬಜ್ಯೋತಿ ಘೋಷ್ ಎಂಬ ಸರ್ಕಾರಿ ಎಂಜಿನಿಯರ್. ಅವರು 2018ರಲ್ಲಿ ತೀರಿಕೊಂಡರು. ಆದರೆ ಈ ವಿದ್ಯೆ ಅವರು ಕಲಿಸಿದ್ದಲ್ಲ. ಮೀನುಗಾರರಿಂದ ಅವರು ಕಲಿತದ್ದು.

ಅದೇ 2018ರಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು ಬರತೊಡಗಿತು. ಎರಡನೇ ಹಂತದವರೆಗೆ ಮಾತ್ರ ಶುದ್ಧಮಾಡಿದ ಬೆಂಗಳೂರಿನ ಕೊಳಚೆ ನೀರು. "ಅವರು ತೊಳೆದು ಬಿಟ್ಟಿದ್ದು ನಮಗಾ?" ಎಂದು ಅಪ್ಪ ಫೋನಿನಲ್ಲಿ ಕೂಗಾಡಿದರು. ಆಮೇಲೆ ನಮ್ಮ ಬೋರ್‌ವೆಲ್‌ನಲ್ಲೂ ನೀರು ಏರಿತು. ಅಪ್ಪ ಬೈಯುವುದನ್ನೂ ಬಿಡಲಿಲ್ಲ, ಮೋಟಾರು ಹಾಕುವುದನ್ನೂ ಬಿಡಲಿಲ್ಲ. ಅಪ್ಪನ ಸಿಟ್ಟು ನನಗೆ ನ್ಯಾಯವೆನಿಸಿತ್ತು. ಆದರೆ ಇಲ್ಲಿ ನಾನೇ ಬೆಂಗಳೂರಿನವನ ಜಾಗದಲ್ಲಿದ್ದೇನೆ ಎಂಬುದು ಹೊಳೆಯಲು ಒಂದು ಮೀನಿನ ತುಂಡು ಬೇಕಾಯಿತು.

ಇನ್ನೊಬ್ಬರು ನಮ್ಮ ಕೊಳೆ ತೊಳೆದರೆ ಅವರಿಗೆ ನಾವು ಏನು ಬಾಕಿ? ಏನೂ ಇಲ್ಲ, ಅವರಿಗೆ ಗೊಬ್ಬರ ಸಿಕ್ಕಿತು, ನಮಗೆ ಮೀನು ಸಿಕ್ಕಿತು, ಲೆಕ್ಕ ಚುಕ್ತಾ ಎಂದ ಆಫೀಸಿನ ಗೆಳೆಯ. ಮಾತು ಅರ್ಧ ನಿಜ. ಮೀನಿಗೆ ನಾವು ದುಡ್ಡು ಕೊಡುತ್ತೇವೆ. ನೀರು ತೊಳೆದದ್ದಕ್ಕೆ ಯಾರೂ ಕೊಟ್ಟಿಲ್ಲ. ಕೇಳದೆ ಸಿಕ್ಕ ಉಪಕಾರಕ್ಕೆ ಹಂಗಿಲ್ಲ ಎನ್ನಬಹುದು. ಆದರೆ ಉಪಕಾರವೆಂದು ಗೊತ್ತಾದ ಮೇಲೂ ಪಡೆಯುತ್ತಲೇ ಇದ್ದರೆ ಹಂಗು ಇದ್ದೇ ಇದೆ.

ದಡದಲ್ಲಿ ಬಲೆ ಎಳೆಯುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ: "ದಾದಾ, ಈ ನೀರಿನಲ್ಲಿ ಇಳಿಯಲು ಹೇಸಿಗೆಯಾಗುವುದಿಲ್ಲವೇ?" ಅವರು ನಕ್ಕರು. "ಮನುಷ್ಯರ ಕೊಳೆಗೆ ನಾವು ಹೆದರುವುದಿಲ್ಲ. ಕಾರ್ಖಾನೆಯ ನೀರು ಬಂದರೆ ಭಯ" ಎಂದರು.

ನನ್ನ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಶುರುವಾಯಿತು. ಕೊಳೆ ಬೇರೆ, ವಿಷ ಬೇರೆ. ಕೊಳೆ ಇನ್ನೊಂದು ಜೀವಕ್ಕೆ ಅನ್ನವಾಗಬಲ್ಲದು. ಚರ್ಮ ಹದಮಾಡುವಲ್ಲಿಂದ ಬರುವ ಕ್ರೋಮಿಯಂ ಯಾರಿಗೂ ಅನ್ನವಲ್ಲ. ಇನ್ನೊಬ್ಬರು ಅರಗಿಸಿಕೊಳ್ಳಬಲ್ಲದ್ದನ್ನಷ್ಟೇ ಕೆಳಗೆ ಬಿಡುವುದು ಹಂಗು ತೀರಿಸುವ ಮೊದಲ ಕಂತು. ಅವರ ಜಾಗವನ್ನು ಅವರಿಗೇ ಉಳಿಸುವುದು ಎರಡನೆಯದು. ಆ ಜಾಗಕ್ಕಾಗಿ 1992ರಲ್ಲಿ ಹೈಕೋರ್ಟ್ ತೀರ್ಪು ಬೇಕಾಯಿತು, 2006ರಲ್ಲಿ ಪ್ರತ್ಯೇಕ ಕಾಯ್ದೆಯೂ ಬೇಕಾಯಿತು. ಆದರೂ ಕಟ್ಟಡಗಳ ಒತ್ತಡ ನಿಂತಿಲ್ಲ.

ಎರಡನೆಯ ಕಂತಿನ ಮಾತು ಬಂದರೆ ನನ್ನ ಬಾಯಿ ಕಟ್ಟುತ್ತದೆ. ನಾನು ಮಲಗುವ ಸಾಲ್ಟ್ ಲೇಕ್ ಕೂಡ ಒಂದು ಕಾಲದ ಜೌಗು. 1960ರ ದಶಕದಲ್ಲಿ ಹೂಗ್ಲಿಯ ಹೂಳನ್ನು ಪೈಪಿನಲ್ಲಿ ತಂದು ತುಂಬಿಸಿದ ನೆಲ. ಅದನ್ನು ಹಿಂದಿರುಗಿಸಲು ನನ್ನಿಂದಾಗದು. ಬಚ್ಚಲಿಗೆ ಆಸಿಡ್ ಸುರಿಯುವುದನ್ನು ಬಿಟ್ಟಿದ್ದೇನೆ. ಅದು ಬಡ್ಡಿಯಷ್ಟೂ ಆಗದು, ಗೊತ್ತು. ಮಾಶಿಮಾ ಕೊಟ್ಟ ಮೀನನ್ನು ಈಗಲೂ ತಿನ್ನುತ್ತೇನೆ, ಯಾರ ಹಂಗಿನ ಊಟ ಎಂದು ತಿಳಿದುಕೊಂಡೇ.