ಬೂದಿ ತೆಗೆಯುವ ಸರದಿ ಯಾರದು?

*ಇಂದಿನ ಧಮ್ಮ ಚಿಂತನೆ*




ಮಳೆ ನಿಂತು ನಮ್ಮ ಪಾಲಿಬೆಟ್ಟದ ಕಾಫಿ ತೋಟಗಳ ಮೇಲೆ ಬೆಳಗಿನ ಮಂಜು ಇಳಿಯತೊಡಗಿದೆ. ಎರಡು ಭಾನುವಾರದಿಂದ ನಮ್ಮ ಹಿರಿಯ ಉಪಾಸಕರೊಬ್ಬರು ಬುದ್ಧ ವಂದನೆಗೆ ಬಂದಿರಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ಅವರು ಕೆಲಸ ಮಾಡುವ ವಸತಿಗೃಹಕ್ಕೇ ಹೋದೆ. ಹಿತ್ತಲಲ್ಲಿ ಸೌದೆ ಬಾಯ್ಲರಿನ ಮುಂದೆ ಕುಳಿತಿದ್ದರು. ಮೈಯೆಲ್ಲ ಮಸಿ.

"ಡಿಸೆಂಬರಿಗೆ ರೂಮೆಲ್ಲ ತುಂಬ್ತವೆ ಮೇಷ್ಟ್ರೇ. ಅಷ್ಟ್ರೊಳಗೆ ಇದನ್ನ ಸರಿ ಮಾಡ್ಬೇಕು. ಅದಕ್ಕೇ ಬರಕ್ಕಾಗ್ಲಿಲ್ಲ" ಎಂದರು.

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಮುಂಚೆ ಇಡೀ ಕಟ್ಟಡವನ್ನು ಬೆಚ್ಚಗಿಡುವ ಯಂತ್ರಗಳನ್ನು ಸಜ್ಜುಗೊಳಿಸುತ್ತಾರೆ. ನಮ್ಮಲ್ಲಿ ಅಷ್ಟು ಚಳಿಯಿಲ್ಲ. ಸ್ನಾನಕ್ಕೆ ಬಿಸಿನೀರು ಬಂದರೆ ಸಾಕು. ಮಂಜು ಮುಸುಕಿದ ದಿನ ಮಾಳಿಗೆಯ ಸೋಲಾರ್ ನೀರು ಉಗುರುಬೆಚ್ಚಗಾಗುವುದೂ ಕಷ್ಟ. ಆಗ ಸೌದೆ ಬಾಯ್ಲರೇ ಗತಿ.

ಅವರು ಕೆಲಸ ಮಾಡುತ್ತಲೇ ವಿವರಿಸಿದರು. ಮೊದಲು ತೊಟ್ಟಿಯ ನೀರು ಖಾಲಿ ಮಾಡಬೇಕು. ಬೋರ್‌ವೆಲ್ ನೀರಿನ ಸುಣ್ಣ ಒಳಗೆ ಪೊರೆ ಕಟ್ಟಿರುತ್ತದೆ. ಅದನ್ನು ಬಿಡಿಸದಿದ್ದರೆ ಎಷ್ಟು ಸೌದೆ ಹಾಕಿದರೂ ಕಾವು ನೀರಿಗೆ ತಲುಪುವುದಿಲ್ಲ. ಹೊಗೆ ಕೊಳವೆಯ ಮಸಿ ಕೆರೆಯಬೇಕು. ಕೊಳವೆ ಕಟ್ಟಿಕೊಂಡರೆ ಹೊಗೆ ಹಿಂದಕ್ಕೆ ತಿರುಗುತ್ತದೆ, ಅದರ ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಕೂಡ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಮಲಗಿದಂತೆಯೇ ಸಾಯಬಹುದು. ಸೇಫ್ಟಿ ವಾಲ್ವ್ ಎತ್ತಿ ನೋಡಬೇಕು. ಅದು ತುಕ್ಕು ಹಿಡಿದು ಅಂಟಿಕೊಂಡಿದ್ದರೆ, ಒತ್ತಡ ಹೆಚ್ಚಾದಾಗ ತೊಟ್ಟಿಯೇ ಸಿಡಿಯುತ್ತದೆ. ಹಸಿ ಸೌದೆ ಹೊಗೆ, ಮಸಿ ಎರಡನ್ನೂ ಹೆಚ್ಚಿಸುವುದರಿಂದ ಸಿಲ್ವರ್ ಓಕ್ ಸೌದೆಯನ್ನು ಈಗಲೇ ಸೀಳಿ ಒಣಗಲು ಒಟ್ಟಿದ್ದರು.

ಕೇಳುತ್ತ ನನಗೆ ಅಪ್ಪಮಾದ ನೆನಪಾಯಿತು. ಭಗವಾನ್ ಬುದ್ಧರು ಕೊನೆಯ ಮಾತಿನಲ್ಲಿ ಹೇಳಿಹೋದದ್ದೂ ಅದನ್ನೇ: ಮೈಮರೆಯದೆ ಇರುವುದು. ಮೇಲಿನ ಕೋಣೆಯಲ್ಲಿ ನಿದ್ರಿಸುವ ಅಪರಿಚಿತನ ಉಸಿರು ಈ ಮನುಷ್ಯನ ಅಪ್ಪಮಾದದ ಮೇಲೆ ನಿಂತಿದೆ. ಆ ಅತಿಥಿಗೆ ಇವರ ಹೆಸರೂ ಗೊತ್ತಿರುವುದಿಲ್ಲ.

ಅಷ್ಟರಲ್ಲಿ ಅವರು ಬೂದಿಯನ್ನು ಬಕೆಟ್ಟಿಗೆ ಬಾಚುತ್ತ, ತಲೆಯೆತ್ತದೆ ಹೇಳಿದರು: "ಮೊನ್ನೆ ನಮ್ ಹುಡುಗ ಕೇಳ್ದ ಮೇಷ್ಟ್ರೇ. ಅಪ್ಪ, ಬೂದಿ ಬಾಚೋದು ಓದದೇ ಇರೋರ ಕೆಲ್ಸನಾ ಅಂತ. ನೀವು ಕ್ಲಾಸಲ್ಲಿ ಹೇಳಿದ್ರಂತೆ."

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೌದು, ಹೇಳಿದ್ದೆ. ಹೋಂವರ್ಕ್ ಮಾಡದ ಹುಡುಗರಿಗೆ, "ಓದದಿದ್ದರೆ ನಾಳೆ ಯಾರದೋ ಒಲೆ ಬೂದಿ ಬಾಚಬೇಕಾಗುತ್ತೆ" ಎಂದಿದ್ದೆ. ಮೇಷ್ಟ್ರುಗಳು ದಿನವೂ ಆಡುವ ಮಾತು. ಆ ಮಾತು ಯಾರ ಅಪ್ಪನ ಮೇಲೆ ಬೀಳುತ್ತದೆ ಎಂದು ಯೋಚಿಸಿರಲಿಲ್ಲ. ಇಪ್ಪತ್ತೆರಡು ಪ್ರತಿಜ್ಞೆ ಸ್ವೀಕರಿಸಿದವನ ಬಾಯಲ್ಲಿ ಮನುವಿನ ಮಾತು ಕುಳಿತಿತ್ತು.

ಅಂದು ರಾತ್ರಿ ವಿನಯಪಿಟಕದ ಚುಲ್ಲವಗ್ಗ ತೆರೆದೆ. ಅಲ್ಲಿ ಜಂತಾಘರದ ಪ್ರಸಂಗ ಬರುತ್ತದೆ. ಜಂತಾಘರವೆಂದರೆ ಭಿಕ್ಖುಗಳು ಬೆಂಕಿಯ ಕಾವಿಗೆ ಕುಳಿತು ಬೆವರಿ ಸ್ನಾನ ಮಾಡುವ ಮನೆ. ವೈಶಾಲಿಯಲ್ಲಿ ಭಿಕ್ಖುಗಳ ಆರೋಗ್ಯ ಕೆಟ್ಟಾಗ ವೈದ್ಯ ಜೀವಕನ ಸಲಹೆಯಂತೆ ಬುದ್ಧರು ಇದಕ್ಕೆ ಅನುಮತಿ ಕೊಟ್ಟರು. ಮನೆ ಚಿಕ್ಕದಾದರೆ ಒಲೆ ಒಂದು ಬದಿಗಿರಬೇಕು, ದೊಡ್ಡದಾದರೆ ನಡುವೆ ಇರಬೇಕು, ಹೊಗೆ ಹೋಗಲು ಕೊಳವೆ ಇರಬೇಕು ಎನ್ನುವವರೆಗೂ ಅಲ್ಲಿ ವಿವರವಿದೆ.

ಮುಂದೆ ಒಂದು ಅನಾಹುತದ ಕಥೆಯಿದೆ. ಆರು ಮಂದಿಯ ಗುಂಪಿನ ಭಿಕ್ಖುಗಳು ಹಿರಿಯರ ಮೇಲಿನ ಅಗೌರವದಿಂದ ಸೌದೆ ರಾಶಿ ಹಾಕಿ, ಬೆಂಕಿ ಹೊತ್ತಿಸಿ, ಬಾಗಿಲು ಮುಚ್ಚಿ ಅಲ್ಲೇ ಕುಳಿತರು. ಒಳಗಿದ್ದವರು ಕಾವು ತಾಳದೆ ಮೂರ್ಛೆ ಹೋದರು. ಆಗ ಬುದ್ಧರು ಜಂತಾಘರದ ಕರ್ತವ್ಯಗಳನ್ನು ವಿಧಿಸಿದರು. ಮೊದಲು ಹೋದವನು, ಬೂದಿ ಹೆಚ್ಚಾಗಿದ್ದರೆ ತೆಗೆದು ಹಾಕಬೇಕು, ನೆಲ ಗುಡಿಸಬೇಕು. ಕೊನೆಗೆ ಹೊರಡುವವನು ಕೆಸರಿದ್ದರೆ ತೊಳೆದು, ಬೆಂಕಿ ಆರಿಸಿ, ಬಾಗಿಲು ಮುಚ್ಚಿ ಬರಬೇಕು.

ಈ ನಿಯಮದಲ್ಲಿ ಏನಿಲ್ಲ ಎಂಬುದನ್ನು ಗಮನಿಸಿ. ಬೂದಿ ತೆಗೆಯುವವನು ಯಾವ ಕುಲದವನಿರಬೇಕು ಎಂದು ಅಲ್ಲಿಲ್ಲ. ಶಾಕ್ಯ ರಾಜಕುಮಾರ ಮೊದಲು ಬಂದರೆ ಶಾಕ್ಯ ರಾಜಕುಮಾರನೇ ತೆಗೆಯಬೇಕು. ಕೆಲಸ ಹುಟ್ಟಿಗೆ ಅಂಟಿಕೊಂಡಿಲ್ಲ, ಸರದಿಗೆ ಸೇರಿದೆ.

ಜಾತಿ ಪದ್ಧತಿ ಕೆಲಸಗಳ ವಿಭಜನೆಯಷ್ಟೇ ಅಲ್ಲ, ಕೆಲಸಗಾರರನ್ನೇ ಒಡೆದು ಬೇರೆ ಮಾಡುವ ವ್ಯವಸ್ಥೆ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ತೋರಿಸಿದರು. ಹಾಗೆಂದು ಕಸ ಬಳಿಯುವುದು ಪವಿತ್ರ ಸೇವೆ, ಹೆಮ್ಮೆಯಿಂದ ಮಾಡಿಕೊಂಡಿರಿ ಎಂಬ ಉಪದೇಶವನ್ನೂ ಅವರು ಒಪ್ಪಲಿಲ್ಲ, ಕಟುವಾಗಿ ಟೀಕಿಸಿದರು. ನಮ್ಮ ಮುಂದೆ ಎರಡು ಹಳ್ಳಗಳಿವೆ. ಕೆಲಸವನ್ನು ಹೀಯಾಳಿಸುವುದು ಒಂದು. ಅದನ್ನು ಹೊಗಳಿ, ಮಾಡುವವನನ್ನು ಅಲ್ಲಿಯೇ ಕೂರಿಸುವುದು ಇನ್ನೊಂದು. ನಾನು ಮೊದಲನೆಯದರಲ್ಲಿ ಬಿದ್ದಿದ್ದೆ. ಎರಡನೆಯದಕ್ಕೂ ಬೀಳುವವನಿದ್ದೆ.

ಏಕೆಂದರೆ ಮಾರನೆಯ ದಿನ ಹೋಗಿ ಕ್ಷಮೆ ಕೇಳುತ್ತ, "ನಿಮ್ಮ ಕೆಲಸ ಬಹಳ ದೊಡ್ಡದು ಅಣ್ಣ" ಎಂದೆ. ಅವರು ನಕ್ಕರು. "ದೊಡ್ಡದು ಅಂದ್ರೆ ಸಾಲದು ಮೇಷ್ಟ್ರೇ. ಕೈಗೆ ಗ್ಲೌಸು, ಮೂಗಿಗೆ ಮಾಸ್ಕು, ಭಾನುವಾರ ಒಂದು ರಜೆ ಬೇಕು. ನನ್ ಮಗ ಏನಾಗ್ಬೇಕು ಅನ್ನೋದು ಅವನಿಗೇ ಬಿಟ್ಟಿರ್ಬೇಕು."

ಸೋಮವಾರ ತರಗತಿಯಲ್ಲಿ ನನ್ನ ಮಾತು ತಪ್ಪು ಎಂದು ಹೇಳಿದೆ. ಯಾರ ಹೆಸರನ್ನೂ ಎತ್ತಲಿಲ್ಲ. ಬಾಯ್ಲರ್ ಹೇಗೆ ಕೆಲಸ ಮಾಡುತ್ತದೆ, ವಾಲ್ವ್ ಯಾಕೆ ಬೇಕು ಎಂದು ಬೋರ್ಡಿನ ಮೇಲೆ ಚಿತ್ರ ಬರೆದೆ. ಹುಡುಗ ತಲೆ ಎತ್ತಲಿಲ್ಲ. ಚಿತ್ರವನ್ನು ಮಾತ್ರ ಪುಸ್ತಕಕ್ಕೆ ಬರೆದುಕೊಂಡ. ಆಡಿದ ಮಾತನ್ನು ಒಂದೇ ದಿನದಲ್ಲಿ ಕೆರೆದು ತೆಗೆಯಲಾಗದು. ಅದೂ ಸುಣ್ಣದ ಪೊರೆಯಂತೆಯೇ.

ಬಂಧುಗಳೇ, ನಮ್ಮ ಬಳಗದ ಒಳಗೂ ಒಮ್ಮೆ ನೋಡಿಕೊಳ್ಳೋಣ. ವಂದನೆ ಮುಗಿದ ಮೇಲೆ ಕೋಣೆ ಗುಡಿಸುವವರು, ಚಹಾದ ಲೋಟ ತೊಳೆಯುವವರು ಯಾರು? ಪ್ರತಿ ವಾರ ಅದೇ ಇಬ್ಬರು ಅಕ್ಕಂದಿರು. ಆ ಹೊತ್ತಿಗೆ ನಾವು ಗಂಡಸರು ಹೊರಗೆ ನಿಂತು ಸಮಾನತೆಯ ಬಗ್ಗೆ ಮಾತನಾಡುತ್ತಿರುತ್ತೇವೆ.

*ಇಂದಿನ ಅಭ್ಯಾಸ:* ನಿಮಗಾಗಿ ನೀರು ಕಾಯಿಸುವ, ಬೂದಿ ತೆಗೆಯುವ ಒಬ್ಬರನ್ನು ಗುರುತಿಸಿ. ಹೊಗಳಬೇಡಿ. ಅವರಿಗೇನು ಬೇಕು ಎಂದು ಕೇಳಿ. ಸಾಧ್ಯವಾದರೆ ಒಂದು ಸರದಿ ನೀವು ತೆಗೆದುಕೊಳ್ಳಿ. ಬರುವ ಭಾನುವಾರದ ಲೋಟಗಳ ಸರದಿ ನನ್ನದು. ಮುಂದಿನ ವಾರಕ್ಕೆ ಹೆಸರು ಕೊಡುವವರು ಇಲ್ಲೇ ಬರೆಯಿರಿ.

ಭವತು ಸಬ್ಬ ಮಂಗಲಂ.
ಜೈ ಭೀಮ್.