ಕಾಯುವುದೂ ಒಂದು ನಡಿಗೆಯೇ

ಬೇಸಿಗೆ ಬಂತೆಂದರೆ ನಮ್ಮ ಕೂಟದ ಹಲವು ಸಂಸಾರಗಳು ಶುಕ್ರವಾರ ಸಂಜೆಯೇ ಗಂಟುಮೂಟೆ ಕಟ್ಟಿ ಸಿಯೆರಾ ನೆವಾಡ ಬೆಟ್ಟಗಳತ್ತ ಹೊರಡುತ್ತವೆ. ಬೆನ್ನಮೇಲೆ ಡೇರೆ, ಸ್ಲೀಪಿಂಗ್ ಬ್ಯಾಗು; ಕರಡಿ ಬಾಯಿ ಹಾಕದಂಥ ಗಟ್ಟಿ ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ. ಇಂಥ ಗುಂಪು ಪ್ರಯಾಣ ಈ ನಾಡಿಗೆ ಹೊಸದಲ್ಲ. 1901ರಲ್ಲೇ ಸಿಯೆರಾ ಕ್ಲಬ್ಬಿನವರು ತಮ್ಮ ಸದಸ್ಯರನ್ನು ಟುವಾಲಮಿ ಹುಲ್ಲುಗಾವಲಿಗೆ ಕರೆದೊಯ್ದಿದ್ದರು. ಆದರೆ ಈ ಸಂತೋಷದೊಳಗೆ ಒಂದು ಧರ್ಮಸೂಕ್ಷ್ಮವೂ ಇದೆ. ಗುಂಪಾಗಿ ಹೊರಟ ಮೇಲೆ ಯಾರ ವೇಗಕ್ಕೆ ಯಾರು ನಡೆಯಬೇಕು?

ಯೊಸೆಮಿಟಿಯ ಹಾಫ್ ಡೋಮನ್ನೇ ತೆಗೆದುಕೊಳ್ಳಿ. ಕಣಿವೆಯಿಂದ ಹೋಗಿಬರಲು 14ರಿಂದ 16 ಮೈಲಿ, ಏರು ಸುಮಾರು 4,800 ಅಡಿ. ಒಂದೇ ದಿನಕ್ಕೆ ಹೆಚ್ಚಾಯಿತೆಂದು ಅನೇಕರು ಲಿಟಲ್ ಯೊಸೆಮಿಟಿ ಕಣಿವೆಯಲ್ಲಿ ರಾತ್ರಿ ತಂಗುತ್ತಾರೆ. ವರ್ನಲ್ ಜಲಪಾತದ ಮೆಟ್ಟಿಲು ಮುಗಿಯುವಷ್ಟರಲ್ಲಿ ಹತ್ತು ಜನರ ಗುಂಪು ಎರಡಾಗಿರುತ್ತದೆ. ಮುಂದಿನವರು ನೆವಾಡ ಜಲಪಾತದ ಮೇಲೆ ಕುಳಿತು, ನೀರು ಕುಡಿದು, ಫೋಟೋ ತೆಗೆದು, ಅರ್ಧ ಗಂಟೆ ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದೊಡನೆ “ಸರಿ, ಎಲ್ಲರೂ ಬಂದಿರಲ್ಲ, ಹೊರಡೋಣವೇ?” ಎಂದು ಏಳುತ್ತಾರೆ. ಲೆಕ್ಕ ನೋಡಿ: ದಣಿಯದವರಿಗೆ ಅರ್ಧ ಗಂಟೆ ವಿಶ್ರಾಂತಿ, ದಣಿದವರಿಗೆ ಐದು ನಿಮಿಷವೂ ಇಲ್ಲ. ಕಾದವರಿಗೆ ಉಪಕಾರ ಮಾಡಿದ ತೃಪ್ತಿ ಬೇರೆ!

ಗಟ್ಟಿಗರ ವಾದವನ್ನೂ ಕೇಳಬೇಕು. “ವಾರವಿಡೀ ದುಡಿದು ಸಿಕ್ಕಿದ್ದು ಎರಡು ದಿನ. ಕೊನೆಯ 400 ಅಡಿ ಕೇಬಲ್ ಹಿಡಿದು ಹತ್ತಲು ಪರವಾನಗಿ ಎಲ್ಲರಿಗೂ ಸಿಗುವುದಿಲ್ಲ. ಮಧ್ಯಾಹ್ನ ಮೋಡ ಕವಿದರೆ ಅಲ್ಲಿ ಸಿಡಿಲಿನ ಭಯ. ಇನ್ನೊಬ್ಬರ ನಿಧಾನಕ್ಕೆ ನಾವೇಕೆ ದಂಡ ತೆರಬೇಕು?” ಇದು ತಳ್ಳಿಹಾಕುವ ಮಾತಲ್ಲ. ಆದರೆ ಇದನ್ನು ಆಡಬೇಕಾದದ್ದು ಹೊರಡುವ ಮುನ್ನ, ನಡುದಾರಿಯಲ್ಲಲ್ಲ. ಪಾಟ್‌ಲಕ್ಕಿನಲ್ಲಿ ಬೇಸರವಾದವರು ಕಾರು ಹತ್ತಿ ಮನೆಗೆ ಹೋಗಬಹುದು. 4 ಮೈಲಿ ಕಾಡಿನೊಳಗೆ ಹೊರೆ ಹೊತ್ತು ನಿಂತವರಿಗೆ ಆ ಸೌಕರ್ಯವಿಲ್ಲ. ಡೇರೆಯ ಬಟ್ಟೆ ಒಬ್ಬರ ಬಳಿ, ಕೋಲು ಇನ್ನೊಬ್ಬರ ಬಳಿ, ಒಲೆ ಮತ್ತೊಬ್ಬರ ಬಳಿ. ಹೀಗೆ ಹಂಚಿಕೊಂಡು ಹೊರಟಾಗಲೇ ಒಬ್ಬರನ್ನೊಬ್ಬರು ನಂಬಿದ್ದೇವೆ ಎಂದಾಯಿತು. ವೇಗವಾಗಿ ನಡೆಯಬೇಕೆನ್ನುವವರು ಬೇರೆ ಗುಂಪು ಕಟ್ಟಲಿ, ಅದರಲ್ಲಿ ತಪ್ಪಿಲ್ಲ. ಕೂಡಿ ಹೊರಟು ನಡುವೆ ಬಿಟ್ಟುಹೋಗುವುದು ಮಾತ್ರ ಸಲ್ಲದು.

“ಪರವಾಗಿಲ್ಲ, ನೀವು ಮುಂದೆ ಹೋಗಿ ಎಂದು ಅವರೇ ಹೇಳಿದರಲ್ಲ” ಎನ್ನಬಹುದು. ನಮ್ಮವರ “ಪರವಾಗಿಲ್ಲ” ಎಂಬ ಮಾತಿನ ಅರ್ಥ ನಮಗೆ ತಿಳಿಯದೇ? ಊಟಕ್ಕೆ ಕರೆದಾಗ “ಈಗ ತಾನೇ ಆಯಿತು” ಎನ್ನುವವರನ್ನು ನಾವು ಹಸಿದು ಕಳಿಸುವುದಿಲ್ಲ, ಮತ್ತೊಮ್ಮೆ ಕೇಳುತ್ತೇವೆ. ದಾರಿಯಲ್ಲೂ ಮತ್ತೊಮ್ಮೆ ಕೇಳಬೇಕು. ಒಬ್ಬರು ನಿಜವಾಗಿಯೂ ಕೇಬಲ್ ಹತ್ತಲಾರರೆಂದರೆ ಜೊತೆಗೆ ಇನ್ನೊಬ್ಬರು ಕೆಳಗೆ ಉಳಿಯಬೇಕು. ಅದು ಅವರ ಹೆಂಡತಿಯೋ ಗಂಡನೋ ಆಗಿರಲಿ ಎಂದು ಉಳಿದವರು ಸುಮ್ಮನೆ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ.

ನಿಧಾನ ನಡೆಯುವವರಿಗೂ ಕರ್ತವ್ಯವಿದೆ. ಮೊಣಕಾಲು ನೋವೋ, ಅಭ್ಯಾಸವಿಲ್ಲವೋ, ಸಂಕೋಚ ಬಿಟ್ಟು ಮೊದಲೇ ಹೇಳಬೇಕು. ಹೇಳಿದರೆ ಉಪಾಯವುಂಟು. “ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ” ಎಂಬ ಗಾದೆ ಬೆಟ್ಟದಲ್ಲಿ ಅಕ್ಷರಶಃ ನಿಜ. ಅವರ ಚೀಲದಿಂದ ಹತ್ತು ಪೌಂಡು ಗಟ್ಟಿಗರ ಚೀಲಗಳಿಗೆ ಹೋದರೆ ಎರಡೂ ಕಡೆಯ ವೇಗ ಹತ್ತಿರವಾಗುತ್ತದೆ. ನಿಧಾನದವರು ಮುಂದೆ ನಡೆಯಲಿ. ವಿಶ್ರಾಂತಿಯ ಗಡಿಯಾರ ಕೊನೆಯವರು ಕುಳಿತ ಮೇಲೆ ಶುರುವಾಗಲಿ.

ಸ್ನೇಹಿತರೇ, ಈ ಬೇಸಿಗೆಯ ಪಟ್ಟಿಗೆ ಹೆಸರು ಕೊಡುವ ಮುನ್ನ ಇಷ್ಟನ್ನು ಒಟ್ಟಿಗೆ ಕುಳಿತು ಮಾತಾಡಿಕೊಳ್ಳಿ. ತುದಿ ಮುಟ್ಟದಿದ್ದರೆ ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ಒಮ್ಮೆ ಹಿಂದೆ ಬಿಡಿಸಿಕೊಂಡವರು ಮಾತ್ರ ಮುಂದಿನ ಸಲ ಕರೆದರೂ ಬಾರದೆ ಹೋಗಬಹುದು.