ಸಹನೆ ಯಾರ ವ್ರತ?

ಸಹನೆಯು ಸದ್ಗುಣವೆಂಬುದರಲ್ಲಿ ವಿವಾದವಿಲ್ಲ. ಆದರೆ ಪರರ ನೋವನ್ನು, ಅದರಲ್ಲಿಯೂ ಎಳೆಯ ಮಗುವಿನ ನೋವನ್ನು, ಸಹಿಸಿಕೊಳ್ಳೆಂದು ವಿಧಿಸುವ ಅಧಿಕಾರ ನಮಗುಂಟೆ ಎಂಬುದು ವಿಚಾರಣೀಯವಾದ ವಿಷಯ.

ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಒಂದು ಕಾಲದಲ್ಲಿ ಮದ್ದೇ ಇರಲಿಲ್ಲ. ಇಂದು, ನಮ್ಮ ಅಂಗಳದಲ್ಲಿ ಅರಳುವ ನಿತ್ಯಪುಷ್ಪದ ಗಿಡದಿಂದ ದೊರೆತ ವಿನ್‌ಕ್ರಿಸ್ಟಿನ್ ಮೊದಲಾದ ಔಷಧಗಳಿಂದ ಅನೇಕ ಮಕ್ಕಳು ಗುಣ ಹೊಂದುತ್ತಿದ್ದಾರೆ. ಮೈಸೂರಿನ ಕುಟುಂಬಗಳೂ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗೆ ಮಕ್ಕಳನ್ನು ಕರೆದೊಯ್ಯುವುದುಂಟು. ಚಿಕಿತ್ಸೆಯು ಸಾಮಾನ್ಯವಾಗಿ ಎರಡು ಮೂರು ವರ್ಷಗಳದು. ಆ ಅವಧಿಯಲ್ಲಿ ವಾಂತಿ, ಬಾಯಿಹುಣ್ಣು, ಮಲಬದ್ಧತೆ, ಕಾಲುನೋವು, ನಿತ್ರಾಣಗಳು ಮಗುವನ್ನು ಕಾಡುತ್ತವೆ.

ಆಗ ಹಿರಿಯರು, “ನೀನು ಜಾಣ, ಅಳಬಾರದು” ಎನ್ನುವರು. ಮಾತು ಪ್ರೀತಿಯದೇ, ಫಲ ಮಾತ್ರ ವಿಪರೀತ. ಅಳದಿರುವುದೇ ಜಾಣತನವೆಂದು ತಿಳಿದ ಮಗು ಬಾಯಿಯ ಹುಣ್ಣನ್ನೂ ಮೈಯ ಚಳಿಯನ್ನೂ ಮುಚ್ಚಿಡುತ್ತದೆ. ಔಷಧದಿಂದ ಬಿಳಿಯ ರಕ್ತಕಣಗಳು ಕುಗ್ಗಿರುವಾಗ 38 ಡಿಗ್ರಿ ಸೆಲ್ಸಿಯಸ್ ಜ್ವರವೂ ಪ್ರಾಣಾಪಾಯದ ಸೂಚನೆ. ಮನೆಯಲ್ಲಿಯೇ ಮಾತ್ರೆ ಕೊಟ್ಟು ಬೆಳಗನ್ನು ಕಾಯದೆ, ಬೆಂಗಳೂರಿನ ಬಸ್ಸನ್ನೂ ಕಾಯದೆ, ಒಡನೆಯೇ ಊರಿನ ಆಸ್ಪತ್ರೆಗೆ ಧಾವಿಸಬೇಕು.

ವ್ರತವೆಂಬುದು ಸ್ವೇಚ್ಛೆಯಿಂದ ಹಿಡಿದದ್ದು. ಭಕ್ತನು ತಾನೇ ಕೈಕೊಂಡ ಕಷ್ಟವು ಸಾಧನೆಯಾಗಬಹುದು. ಮಗುವಿನ ಮೇಲೆ ಬಂದೆರಗಿದ ಕಷ್ಟವು ಅದರ ಸಾಧನೆಯಲ್ಲ. ನಿವಾರಿಸಲಾಗದ ನೋವಿನಲ್ಲಿ ನಾವು ಜತೆಗಿರಬೇಕು, ನಿವಾರಿಸಬಹುದಾದುದನ್ನು ನಿವಾರಿಸಬೇಕು. ಔಷಧವೇರಿಸುವ ಮೊದಲೇ ವಾಂತಿ ತಡೆಯುವ ಮದ್ದು ಕೊಡಲು ಬರುತ್ತದೆ. ಬಾಯಿಹುಣ್ಣಿಗೆ ಮೃದುವಾದ ಬ್ರಷ್, ಉಪ್ಪುನೀರಿನ ಮುಕ್ಕಳಿಕೆ, ಖಾರವಿಲ್ಲದ ಮೆತ್ತನೆಯ ಅನ್ನ ಹಿತ. ವಿನ್‌ಕ್ರಿಸ್ಟಿನ್‌ನಿಂದ ಮಲಬದ್ಧತೆಯಾದರೆ ಮನೆಮದ್ದಿಗೆ ಕೈಹಾಕದೆ ವೈದ್ಯರಿಗೆ ತಿಳಿಸಬೇಕು.

“ರೋಗ ಹೋಗಲಿ, ಉಳಿದುದು ಆಮೇಲೆ” ಎಂದು ಕೆಲವರು ಆಕ್ಷೇಪಿಸಬಹುದು. ನುಂಗಿದ ಮಾತ್ರೆ ವಾಂತಿಯಾದರೆ ರೋಗ ಹೋಗುವುದೆಂತು? ಅದೂ ಇರಲಿ, ಶಮನದಿಂದ ಚಿಕಿತ್ಸೆಗೆ ಎಳ್ಳಷ್ಟು ಪ್ರಯೋಜನವಾಗದಿದ್ದರೂ, ಗುಣವಾಗುವ ಭರವಸೆಯೇ ಅಳಿದಿದ್ದರೂ, ಮಗುವಿನ ಈ ರಾತ್ರಿಯ ನಿದ್ರೆಗೆ ತನ್ನದೇ ಬೆಲೆಯಿದೆ. ಕರುಣೆಯು ಫಲವನ್ನು ಲೆಕ್ಕ ಹಾಕಿ ಹೊರಡುವುದಿಲ್ಲ.

ಹಸಿದವನನ್ನು ಅರಿತು ಉಣಬಡಿಸುವುದು ದಾಸೋಹ. ರೋಗಿಯಾದ ಮಗುವಿನ ಮನೆಯಲ್ಲಿ “ಎಲ್ಲಿ ನೋಯುತ್ತಿದೆ ಕಂದ?” ಎಂದು ದಿನವೂ ಕೇಳಿ, ಅದು ಹೇಳಿದ್ದನ್ನು ನಂಬಿ, ವೈದ್ಯರ ಮುಂದೆ ಅದರ ಪರವಾಗಿ ನುಡಿಯುವುದೂ ಅದೇ ದಾಸೋಹ. ಸಹನೆಯ ವ್ರತವನ್ನು ತಂದೆತಾಯಿಗಳು ಹಿಡಿಯಲಿ, ಮಗು ಅಳಲಿ.